ಸೂರ್ಯನು ಮುಳುಗದ ಊರಿಗೆ

ಕಳೆದ ಚೈತ್ರದಲ್ಲಿ ಒಂದು ಸಂಜೆ, ನಾರ್ವೆ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ದೂರವಾಣಿಯಲ್ಲಿ, “ಅಪ್ಪಾ, ಜುಲೈ ಮೊದಲನೇ ವಾರ ನನಗ ಸೂಟಿ ಅದ. ಅವ್ವನ್ನ ಕರಕೊಂಡು ಬರ್ರಿ. ಉತ್ತರದ ಕಡೆ ಒಂದು ದ್ವೀಪದಾಗ ನಾಲ್ಕು ದಿವಸ ಆರಾಮ ಇರೂಣು,” ಎಂದನು. ಚಡಚಣದ ಬಿಸಿಲಿನಲ್ಲಿ ಅಂಗಳದ ಹಾಸುಗಲ್ಲು ಸಂಜೆಯಾದರೂ ಕಾಲು ಸುಡುತ್ತಿತ್ತು. ಭೀಮೆಯ ಈಚೆಯ ಈ ಬಯಲು ನಾಡಿನವರಿಗೆ ಸಮುದ್ರವೆಂದರೇ ಕಥೆಯ ಮಾತು. ಅದರೊಳಗಿನ ದ್ವೀಪ, ಅದೂ ಉತ್ತರಧ್ರುವದ ನೆರೆಯದು, ಎಂದ ಮೇಲೆ ಹೇಳುವದೇನು?

ನಮಗೆ ಆ ಮಾತು ಬೇರೊಂದು ಕಡೆ ನಾಟಿತು. ಸೂರ್ಯಸಿದ್ಧಾಂತದಲ್ಲಿ, ಮೇರುವಿನಲ್ಲಿರುವ ದೇವತೆಗಳು ಅರ್ಧ ವರ್ಷ ಸೂರ್ಯನನ್ನು ಕಾಣುತ್ತಲೇ ಇರುವರೆಂದು ಹೇಳಿದೆ. ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ, 66 ಅಂಶಕ್ಕೂ ಮಿಕ್ಕಿದ ಅಕ್ಷಾಂಶದಲ್ಲಿ ಸೂರ್ಯನು ಕೆಲವು ಕಾಲ ಅಸ್ತಮಿಸುವದೇ ಇಲ್ಲವೆಂಬುದನ್ನು ಗಣಿತದಿಂದ ತೋರಿಸಿದ್ದಾರೆ. ಅವರ ಊರು ನಮ್ಮ ವಿಜಾಪುರವೆಂದು ಕೆಲವರು, ಖಾನದೇಶದ ಪಾಟಣದ ಕಡೆಯದೆಂದು ಕೆಲವರು ವಾದಿಸುವರು. ಹೇಗಿದ್ದರೂ ಅವರು ಆ ಸೂರ್ಯನನ್ನು ಕಣ್ಣಾರೆ ಕಂಡವರಲ್ಲ. ನಾವು ಮೂವತ್ತು ವರ್ಷ ಇದನ್ನೇ ಮಕ್ಕಳಿಗೆ ಹೇಳುತ್ತ ಬಂದೆವು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಗುರುಗಳs, ನೀವು ನೋಡೀರೇನ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾವು ಅವನನ್ನು ಗದರಿಸಿ ಕೂಡ್ರಿಸಿದೆವು. ಅವನು ತಪ್ಪೇನು ಕೇಳಿದ್ದನೆಂದು ಈಗಲೂ ನಮಗೆ ಹೇಳಲಾಗದು.

ಮೊದಲು ಮಗನು ಸೂಚಿಸಿದ್ದು ಸ್ವಾಲ್ಬಾರ್ಡ್ ದ್ವೀಪಗಳನ್ನು. ಅಲ್ಲಿಯ ನಿ-ಒಲೆಸುಂಡ್ ಎಂಬ ಸ್ಥಳದಲ್ಲಿ, ಸುಮಾರು 79 ಅಂಶದಲ್ಲಿ, ಭಾರತದ ಸಂಶೋಧನ ಕೇಂದ್ರವಾದ ‘ಹಿಮಾದ್ರಿ’ಯು 2008ರ ಜುಲೈ 1ರಂದು ಆರಂಭವಾಗಿದೆ. ಹೆಸರು ಕೇಳಿಯೇ ನಾವು ಉಬ್ಬಿದೆವು. ಆದರೆ ಅಲ್ಲಿ ವಸತಿಯ ಹೊರಗೆ ಬಿಳಿ ಕರಡಿಗಳ ಭಯವಿದ್ದು ಬಂದೂಕಿನವರ ಕಾವಲಿಲ್ಲದೆ ತಿರುಗಬಾರದೆಂದು ತಿಳಿದೊಡನೆ ನಮ್ಮ ಮನೆಯವರು, “ಆರಾಮಕ್ಕ ಹೋಗೂದೋ, ಬೇಟೆಗೆ ಹೋಗೂದೋ?” ಎಂದರು. ಆ ಪ್ರಸ್ತಾಪವು ಅಲ್ಲಿಗೇ ಬಿದ್ದಿತು.

ಕಡೆಗೆ ನಿಶ್ಚಯವಾದದ್ದು ಟ್ರೊಮ್ಸೊ. ಅದು 69 ಅಂಶ 40 ಕಲೆಗಳ ಅಕ್ಷಾಂಶದಲ್ಲಿ, ನಾರ್ವೆಯ ದಡಕ್ಕೆ ಹತ್ತಿದ ಚಿಕ್ಕ ದ್ವೀಪದ ಮೇಲಿನ ಪಟ್ಟಣ. 1960ರಲ್ಲಿ ತೆರೆದ ಸೇತುವೆಯೊಂದು ಅದನ್ನು ಆಚೆಯ ದಡಕ್ಕೆ ಕೂಡಿಸಿದೆ. ಅಟ್ಲಾಂಟಿಕ್ ಸಮುದ್ರದ ಬೆಚ್ಚನೆಯ ಪ್ರವಾಹದ ದೆಸೆಯಿಂದ ಚಳಿಗಾಲದಲ್ಲಿಯೂ ಅಲ್ಲಿಯ ಬಂದರು ಹೆಪ್ಪುಗಟ್ಟದು. ಜುಲೈ ತಿಂಗಳ ಉಷ್ಣತೆ ಸರಾಸರಿ 12 ಅಂಶ. ನಮ್ಮ ಪುಷ್ಯಮಾಸದ ನಸುಕಿನಂತೆ ಎನ್ನಬಹುದು. ಮೇ 20ರ ಸುಮಾರಿಗೆ ಮೇಲೇರಿದ ಸೂರ್ಯನು ಜುಲೈ 22ರ ಸುಮಾರಿನ ವರೆಗೆ ಮುಳುಗುವದಿಲ್ಲ.

ಕಾಗದಪತ್ರಗಳ ತೊಡಕನ್ನು ಹೇಳಿ ವಾಚಕರನ್ನು ದಣಿಸೆವು. ಪ್ರವಾಸದ ವಿಮೆಯು ಮೂವತ್ತು ಸಾವಿರ ಯೂರೋಗಳಿಗೆ ಕಡಿಮೆಯಿರಬಾರದು. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಒಯ್ಯಬಾರದು. ಎಂದರೆ ಮಗನಿಗಾಗಿ ಕಾಸಬೇಕೆಂದಿದ್ದ ತುಪ್ಪವೂ ಪೇಢೆಯೂ ಇಲ್ಲಿಯೇ ಉಳಿದವು. ಕಟಕ ರೊಟ್ಟಿಗೂ ಶೇಂಗಾ ಚಟ್ನಿಗೂ ಅಡ್ಡಿಯಿಲ್ಲ.

ನಾವು ಶಾಲೆಯ ರೂಢಿಯಂತೆ ಆ ವಾರಕ್ಕೊಂದು ವೇಳಾಪತ್ರಿಕೆಯನ್ನು ಬರೆದೆವು: ಬೆಟ್ಟ, ತಂತಿಯ ಗಾಡಿ, ಮ್ಯೂಜಿಯಂ, ದೋಣಿ, ಪಕ್ಕದ ಮೂರು ದ್ವೀಪ. ಸೂರ್ಯನೇ ಮುಳುಗದಿರುವಾಗ ರಾತ್ರಿಯನ್ನೇಕೆ ವ್ಯರ್ಥಮಾಡಬೇಕು? ಮನೆಯವರು ಅದನ್ನು ಓದಿ, ಮೊಣಕಾಲು ತಿಕ್ಕಿಕೊಳ್ಳುತ್ತ, “ಇದರಾಗ ಮಗನ ಜೋಡಿ ಕೂತು ಮಾತಾಡೂ ತಾಸು ಯಾವದರಿ?” ಎಂದರು. ಒಂಬತ್ತು ವರ್ಷಗಳಲ್ಲಿ ಅವನು ಬಂದದ್ದು ಮೂರು ಸಲ. ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ನಿಜವಾದ ತೊಡಕು ಪಂಚಾಂಗವನ್ನು ತೆಗೆದಾಗ ಕಂಡಿತು. ಆ ವಾರದಲ್ಲಿಯೇ ಸಂಕಷ್ಟಿ ಬರುತ್ತದೆ. ಮಗನು ನಾಲ್ಕು ವರ್ಷದವನಿದ್ದಾಗ ವಿಷಮಜ್ವರದಿಂದ ಉಳಿದದ್ದು ಗಣಪತಿಯ ಕೃಪೆಯಿಂದಲೆಂದು ಅವನ ತಾಯಿ ಹಿಡಿದ ವ್ರತವಿದು. ಅಂದಿನಿಂದ ಚಂದ್ರನನ್ನು ಕಾಣದೆ ಅವರು ಉಂಡವರಲ್ಲವೆಂದೇ ನಾವು ತಿಳಿದಿದ್ದೆವು. ಅಲ್ಲಿ ಚಂದ್ರನ ಗತಿಯೇನು? ಬೇಸಿಗೆಯಲ್ಲಿ ಸೂರ್ಯನು ಉತ್ತರಕ್ಕಿರುವಾಗ ಅವನಿಗೆ ಎದುರಾದ ಹುಣ್ಣಿಮೆಯ ಚಂದ್ರನು ದಕ್ಷಿಣಕ್ಕೆ ತಗ್ಗಿರುವನು; ಆದುದರಿಂದ ಆ ನಾಡಿನಲ್ಲಿ ಆಗ ಅವನು ಬಹುತರ ಉದಯಿಸುವದೇ ಇಲ್ಲ. ಚತುರ್ಥಿಯ ಹೊತ್ತಿಗೆ ಉದಯಿಸಿದರೂ ಹಗಲಿನ ಬೆಳಕಿನಲ್ಲಿ ದಕ್ಷಿಣದ ಗುಡ್ಡಗಳ ಮೇಲೆ ಕೆಲವೇ ಅಂಶ ಇಣಿಕಿ ಮರೆಯಾಗುವನು. ನಾವು ಎರಡು ದಿವಸ ಕುಳಿತು ಲೆಕ್ಕಹಾಕಿ, ಗುಡ್ಡ ಅಡ್ಡ ಬಂದರೆ ಉಪವಾಸವೇ ಗತಿಯೆಂದು ನಿರ್ಣಯಿಸಿದೆವು. ಮಗನ ಸೂಟಿಯನ್ನು ಮುಂದೆ ಹಾಕಲು ಬರುವಂತಿರಲಿಲ್ಲ. ಪ್ರವಾಸವನ್ನೇ ಬಿಡುವ ಮಾತೂ ಬಂದಿತು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಹುಡುಗನ ಆ ಪ್ರಶ್ನೆಗೆ ಇನ್ನು ಈ ಜನ್ಮದಲ್ಲಿ ಉತ್ತರವಿಲ್ಲವೆನಿಸಿತು.

ಮರುದಿನ ರೊಟ್ಟಿ ಬಡಿಯುತ್ತಲೇ ಅವರು ಹೇಳಿದರು: “ಶ್ರಾವಣದ ಮೋಡದಾಗ ಎಷ್ಟು ಸಲ ಚಂದ್ರ ಕಂಡಾನು? ಪಂಚಾಂಗದ ವ್ಯಾಳ್ಯಾ ನೋಡಿ ಕೈ ಮುಗದು ಉಂಡೀನಿ. ನಿಮಗ ಗೊತ್ತs ಇಲ್ಲ. ನೀವು ಮೊದಲs ಉಂಡು ಮಲಗತಿದ್ರಿ. ಚಡಚಣದಾಗ ಚಂದ್ರ ಎದ್ದ ಹೊತ್ತಿಗೆ ಅಲ್ಲಿ ಉಣತೀನಿ.”

ಇಷ್ಟು ವರ್ಷ ನಾವು ಉಂಡು ಮಲಗಿದ್ದು ನಿಜ. ಪಂಚಾಂಗವನ್ನು ಮಡಚಿ ಇಟ್ಟೆವು.

ಇನ್ನು ಸಂಜೆಯ ದೀಪದ ಪ್ರಶ್ನೆ. ಅದಕ್ಕೂ ಅವರ ಕ್ರಮವೇ ನಿಂತಿತು. ಜುಲೈ ಆರಂಭದಲ್ಲಿ ನಮ್ಮೂರಿನ ಸೂರ್ಯಾಸ್ತವು ಸುಮಾರು 7 ಗಂಟೆ 5 ಮಿನಿಟಿಗೆ. ನಾರ್ವೆಯ ಗಡಿಯಾರವು ಆಗ ನಮ್ಮದಕ್ಕಿಂತ ಮೂರೂವರೆ ತಾಸು ಹಿಂದೆ. ಎಂದರೆ ಅಲ್ಲಿ ಮಧ್ಯಾಹ್ನ 3 ಗಂಟೆ 35 ಮಿನಿಟಿಗೆ, ಉರಿಯುವ ಸೂರ್ಯನ ಎದುರಿಗೆ, ದೀಪ ಹಚ್ಚಬೇಕು. ಅದೇ ಹೊತ್ತಿಗೆ ಇಲ್ಲಿ ನಮ್ಮ ಕಟ್ಟೆಯ ಮೇಲೆ ಹಚ್ಚಲು ನೆರೆಮನೆಯ ಸೊಸೆಗೆ ಹೇಳಿದ್ದಾಗಿದೆ. ಎಣ್ಣೆಯ ಶೀಸೆಯನ್ನೂ ಕೊಟ್ಟಾಗಿದೆ.

ವೇಳಾಪತ್ರಿಕೆಯಲ್ಲಿ ಈಗ ಉಳಿದಿರುವದು ಒಂದೇ ಸಾಲು: ಒಂದು ರಾತ್ರಿ ಹನ್ನೆರಡಕ್ಕೆ ಮೂವರೂ ಸಮುದ್ರದ ದಡದಲ್ಲಿ ಕೂಡ್ರುವದು. ಮೋಡವಿದ್ದರೆ ಮರುದಿನ. ಬಾಡಿಗೆಯ ಮನೆಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರವಿರುವದರಿಂದ ದೀಪವನ್ನು ಒಳಗೆ ಹಚ್ಚಬಾರದೆಂದು ಮಗನು ನಿನ್ನೆ ತಿಳಿಸಿದ್ದಾನೆ. ಗಾಳಿಗೆ ಆರದಂಥ ಗಾಜಿನ ಚಿಮಣಿಯೊಂದನ್ನು ಹುಡುಕಲು ಮನೆಯವರು ಈ ಹೊತ್ತು ಸಂತೆಗೆ ಹೋಗಿದ್ದಾರೆ.