ಮಾರಾಟವಿಲ್ಲದ ಸಂಗೀತದ ಕೋಣೆ

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ 1913ರಲ್ಲಿ ತೆರೆಯಿತು. ನಡುಸಭಾಂಗಣದ ಎತ್ತರದ ಚಾವಣಿಯಲ್ಲಿ ನಕ್ಷತ್ರಪುಂಜಗಳ ಚಿತ್ರವಿದೆ. ಕೆಳಗೆ ಹೆಜ್ಜೆ, ಮಾತು, ಪ್ರಕಟಣೆಗಳೆಲ್ಲ ಕಲ್ಲಿಗೆ ಬಡಿದು ಒಂದೇ ಗುಂಗಾಗಿ ಕಲಸಿಹೋಗುತ್ತವೆ. ಕೆಳ ಅಂತಸ್ತಿನ ಉಪಾಹಾರಗೃಹದೆದುರಿನ ತಗ್ಗು ಕಮಾನಿನಡಿ ಒಂದು ಮೂಲೆಯಲ್ಲಿ ಪಿಸುಗುಟ್ಟಿದರೆ ಎದುರು ಮೂಲೆಯವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ವಿಜಾಪುರದ ಗೋಳಗುಮ್ಮಟವನ್ನು ಹತ್ತಿದವರಿಗೆ ಇದೇನೂ ಹೊಸತಲ್ಲ.

ಹೊಸತೆನ್ನಬೇಕಾದುದು ಇದೇ ನಿಲ್ದಾಣದ ಉಪ್ಪರಿಗೆಯಲ್ಲಿ ಒಂದು ಕಾಲಕ್ಕಿದ್ದ ಸಂಗೀತದ ಕೋಣೆ. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಕಟ್ಟಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ ಅದನ್ನು ನಡೆಸುತ್ತಿತ್ತು. ರೈಲಿಗೆ ಕಾಯುವವರು ಬಂದು ಕುಳಿತು ಧ್ವನಿವರ್ಧಕಗಳನ್ನು ಆಲಿಸಬಹುದಿತ್ತು. ಕೊಳ್ಳುತ್ತೇನೆಂದರೂ ಅಲ್ಲಿ ಮಾರುತ್ತಿರಲಿಲ್ಲ!

ಅದಕ್ಕೆ ಮೊದಲು ಮಂದ್ರಸ್ವರ ತುಂಬಿ ಬರಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. ವಿಲ್ಚರ್ ಸಣ್ಣ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗ್ ಆಗಿಸಿದರು. ಯಾಂತ್ರಿಕ ಬಿಗಿತಕ್ಕಿಂತ ಗಾಳಿಯ ಒತ್ತು ಹೆಚ್ಚು ಸಮನಾದುದರಿಂದ ನಾದ ಕೆಡುವುದೂ ಕಡಿಮೆಯಾಯಿತು.

ಇದರ ಪೇಟೆಂಟು ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹಿಂದಿನದೊಂದು ಪೇಟೆಂಟು ಅಡ್ಡಬಂದಿತು. ವಿಲ್ಚರ್ ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ. ಕಕ್ಷಿದಾರ ಹೀಗೆ ಕೈಬಿಟ್ಟರೆ ಯಾವ ವಕೀಲನಿಗೂ ಹಿಡಿಸದು. ಆದರೆ ಇತರ ತಯಾರಕರೂ ಅದೇ ದಾರಿ ಹಿಡಿದುದರಿಂದ ಪುಸ್ತಕದ ಕಪಾಟಿನಲ್ಲಿ ಕೂರುವಂಥ ಪೆಟ್ಟಿಗೆಗಳು ಸಾಮಾನ್ಯ ಮನೆಗಳಿಗೆ ಬಂದವು. ಅನಂತರ ಅವರು ಶ್ರವಣಸಾಧನಗಳತ್ತ ತಿರುಗಿದರು. 1973ರಲ್ಲಿ ಪ್ರಕಟಿಸಿದ ಆ ಸಂಶೋಧನೆಗೆ ಪೇಟೆಂಟನ್ನೇ ಕೋರಲಿಲ್ಲ; ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು.

ಉಪ್ಪರಿಗೆಯ ಆ ಕೋಣೆ ಈಗಿಲ್ಲ. ಕೆಳಗಿನ ಕಮಾನಿನ ಮೂಲೆಗಳಲ್ಲಿ ಪಿಸುಗುಟ್ಟುವವರು ಮಾತ್ರ ದಿನವೂ ಕಾಣಸಿಗುತ್ತಾರೆ.