ಕಾಸಿಗೆ ಮೀರಿದ ಕಜ್ಜಾಯ

'ಡಾಕ್ಟರ್ ನೋ' ಲಂಡನ್ನಿನಲ್ಲಿ ಬಿಡುಗಡೆಯಾದದ್ದು 1962ರ ಅಕ್ಟೋಬರ್ 5ರಂದು. ಇಯಾನ್ ಫ್ಲೆಮಿಂಗ್ 1958ರಲ್ಲಿ ಪ್ರಕಟಿಸಿದ ಕಾದಂಬರಿ ಇದರ ಮೂಲ. ನಿರ್ದೇಶಕ ಟೆರೆನ್ಸ್ ಯಂಗ್. ನಿರ್ಮಾಪಕರು ಹ್ಯಾರಿ ಸಾಲ್ಟ್ಸ್‌ಮನ್ ಮತ್ತು ಆಲ್ಬರ್ಟ್ ಬ್ರೊಕೊಲಿ. ಇವರಿಬ್ಬರ ಸಂಸ್ಥೆ 2021ರವರೆಗೆ ಜೇಮ್ಸ್ ಬಾಂಡ್‌ನ ಇಪ್ಪತ್ತೈದು ಚಿತ್ರಗಳನ್ನು ಹೊರತಂದಿದೆ. ಮುಂದಿನವುಗಳಿಗೆ ದುಡ್ಡು ನೀರಿನಂತೆ ಹರಿಯಿತು. ಮೊದಲನೆಯದಾದ ಇದಕ್ಕೆ ಸಿಕ್ಕಿದ್ದು ಸುಮಾರು ಹತ್ತು ಲಕ್ಷ ಡಾಲರ್. ಹಾಲಿವುಡ್‌ನ ಲೆಕ್ಕದಲ್ಲಿ ಅದು ಕೈ ಬಿಗಿಹಿಡಿದು ಕೊಟ್ಟ ಹಣ. ಚಿತ್ರದ ಸೊಗಸಿನಲ್ಲಿ ಬಹುಪಾಲು ಹುಟ್ಟಿದ್ದು ಈ ಬಿಗಿಯಿಂದಲೇ.

ಕತೆ ಉದ್ದವಿಲ್ಲ. ಜಮೈಕಾದಲ್ಲಿದ್ದ ಬ್ರಿಟಿಷ್ ಗೂಢಚಾರನೊಬ್ಬ ಕಾಣೆಯಾಗುತ್ತಾನೆ. ವಿಚಾರಿಸಲು ಬಂದ ಬಾಂಡ್ ಕ್ರ್ಯಾಬ್ ಕೀ ಎಂಬ ದ್ವೀಪಕ್ಕೆ ಹೋಗುತ್ತಾನೆ. ಅಮೆರಿಕದ ರಾಕೆಟ್‌ಗಳ ದಾರಿ ತಪ್ಪಿಸುತ್ತಿರುವ ವಿಜ್ಞಾನಿ ಡಾಕ್ಟರ್ ನೋನನ್ನು ಕೊಂದು, ಅವನ ಕೋಟೆಯನ್ನು ನಾಶಮಾಡಿ ಹಿಂತಿರುಗುತ್ತಾನೆ. ಇಷ್ಟನ್ನು ಯಾವ ಪತ್ತೇದಾರಿ ಕಾದಂಬರಿಕಾರನಾದರೂ ಬರೆದಾನು. ನೋಡುಗರನ್ನು ಹಿಡಿದಿಡುವುದು ಕತೆಯಲ್ಲ, ಅದನ್ನು ತೋರಿಸಿರುವ ಬಗೆ.

ನಾಯಕನ ಪ್ರವೇಶವನ್ನೇ ನೋಡಬೇಕು. ಲಂಡನ್ನಿನ ಜೂಜಿನ ಕ್ಲಬ್ಬು. ಇಸ್ಪೀಟು ಹಂಚುವ ಕೈ ಕಾಣುತ್ತದೆ, ಬೆನ್ನು ಕಾಣುತ್ತದೆ, ಎದುರಿಗೆ ಸೋಲುತ್ತಿರುವ ಹೆಂಗಸು ಕಾಣುತ್ತಾಳೆ. ಮುಖ ಮಾತ್ರ ಕಾಣುವುದಿಲ್ಲ. ಆಕೆ ಹೆಸರು ಕೇಳಿದ ಮೇಲೆಯೇ ಕ್ಯಾಮೆರಾ ಅವನತ್ತ ತಿರುಗುತ್ತದೆ. ಸಿಗರೇಟು ಹೊತ್ತಿಸುತ್ತಾ, ಮೊದಲು ಮನೆತನದ ಹೆಸರು, ಆಮೇಲೆ ಪೂರ್ತಿ ಹೆಸರು ಹೇಳುತ್ತಾನೆ. ಒಂದು ಮೇಜು, ನಾಲ್ಕು ಎಲೆ, ಕೊಂಚ ತಾಳ್ಮೆ: ಖರ್ಚು ಇಷ್ಟೇ. ಮುಂದಿನ ಬಾಂಡ್‌ಗಳು ಹೆಲಿಕಾಪ್ಟರಿನಿಂದ ಜಿಗಿದು ಬಂದರೂ ಈ ಪ್ರವೇಶವನ್ನು ಮೀರಿಸಿಲ್ಲ.

ಆ ಮುಖ ಷಾನ್ ಕಾನರಿಯದು. ಎಡಿನ್‌ಬರೋದ ಬಡ ಕುಟುಂಬದ ಹುಡುಗ. ಹಾಲು ಹಂಚಿದವನು, ದೇಹದಾರ್ಢ್ಯ ಸ್ಪರ್ಧೆಗೆ ನಿಂತವನು. ದೊಡ್ಡ ತಾರೆಯನ್ನು ತರುವಷ್ಟು ಹಣವಿರಲಿಲ್ಲ. ಈತ ಅಗ್ಗಕ್ಕೆ ಸಿಕ್ಕ. ನಿರ್ದೇಶಕ ಯಂಗ್ ಕೇಂಬ್ರಿಜ್‌ನಲ್ಲಿ ಓದಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಶೋಕಿಲಾಲ. ಕಾನರಿಯನ್ನು ತನ್ನ ದರ್ಜಿ ಆಂಟನಿ ಸಿಂಕ್ಲೇರ್ ಬಳಿಗೆ ಕರೆದೊಯ್ದು ಸೂಟು ಹೊಲಿಸಿದ. ಅದನ್ನು ತೊಟ್ಟೇ ಮಲಗಿ ಅಭ್ಯಾಸ ಮಾಡಿಕೋ ಎಂದನೆಂದೂ ಹೇಳುವುದುಂಟು. ಸೂಟು ದೊಡ್ಡಮನೆಯದು, ಒಳಗಿನ ನಡಿಗೆ ಬೀದಿಯದು. ಈ ಹೊಂದದ ಜೋಡಿಯೇ ಪಾತ್ರಕ್ಕೆ ಕಳೆ ತಂದಿತು. ಮೊದಮೊದಲು ಕಾನರಿಯನ್ನು ಒಪ್ಪದಿದ್ದ ಫ್ಲೆಮಿಂಗ್ ಆಮೇಲೆ ಮನಸ್ಸು ಬದಲಿಸಿ, ಕಾದಂಬರಿಯ ಬಾಂಡ್‌ಗೂ ಸ್ಕಾಟ್ಲೆಂಡಿನ ತಂದೆಯನ್ನು ದಯಪಾಲಿಸಿದ.

ಇಲ್ಲಿನ ಬಾಂಡ್ ಬಳಿ ಮಾತಾಡುವ ಗಡಿಯಾರವಿಲ್ಲ, ಗುಂಡು ಹಾರಿಸುವ ಕಾರಿಲ್ಲ. ಹೋಟೆಲಿನ ಕೋಣೆ ಬಿಡುವ ಮುನ್ನ ತಲೆಯಿಂದ ಕೂದಲೆಳೆಯೊಂದನ್ನು ಕಿತ್ತು, ಎಂಜಲು ಹಚ್ಚಿ ಬೀರುವಿನ ಬಾಗಿಲಿಗೆ ಅಂಟಿಸುತ್ತಾನೆ. ಪೆಟ್ಟಿಗೆಯ ಚಿಲಕಕ್ಕೆ ಪೌಡರ್ ಉದುರಿಸುತ್ತಾನೆ. ಹಿಂತಿರುಗಿ ಬಂದಾಗ ಕೂದಲಿಲ್ಲ, ಯಾರೋ ಒಳಹೊಕ್ಕಿದ್ದಾರೆ. ಈ ಯುಕ್ತಿಯನ್ನು ನೋಡುಗನೂ ಮನೆಯಲ್ಲಿ ಮಾಡಿ ನೋಡಬಹುದು, ಹಾಗಾಗಿಯೇ ನಂಬುತ್ತಾನೆ. ಖಳನ ಕೈಯಾಳು ಪ್ರೊಫೆಸರ್ ಡೆಂಟ್‌ನನ್ನು ಕೊಲ್ಲುವ ದೃಶ್ಯವೂ ಇದೇ ಜಾಯಮಾನದ್ದು. ಬಾಂಡ್ ಕತ್ತಲಲ್ಲಿ ಕುರ್ಚಿಯ ಮೇಲೆ ಕೂತು ಕಾಯುತ್ತಾನೆ. ಎದುರಾಳಿಯ ಪಿಸ್ತೂಲು ಖಾಲಿಯಾಗಿದೆಯೆಂದು ಲೆಕ್ಕವಿಟ್ಟು ತಿಳಿದೂ ನೆಮ್ಮದಿಯಾಗಿ ಗುಂಡು ಹೊಡೆಯುತ್ತಾನೆ. ಆ ಕಾಲದ ನಾಯಕರು ಹೀಗೆ ಕೊಲ್ಲುತ್ತಿರಲಿಲ್ಲ. ಇಂದಿಗೂ ಮೈ ಜುಂ ಎನ್ನಿಸುವ ದೃಶ್ಯ ಅದು.

ಕಲಾ ನಿರ್ದೇಶಕ ಕೆನ್ ಆಡಮ್ ಬರ್ಲಿನ್ನಿನಲ್ಲಿ ಹುಟ್ಟಿದವನು. ಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ವಿಮಾನ ಹಾರಿಸಿದವನು. ಡೆಂಟ್ ಒಡೆಯನ ಅಪ್ಪಣೆ ಕೇಳಲು ಬರುವ ಕೋಣೆಯನ್ನು ಅವನು ಕಟ್ಟಿದ ರೀತಿ ಸಿನಿಮಾ ಕಲಿಯುವವರೆಲ್ಲ ನೋಡತಕ್ಕದ್ದು. ಬೋಳು ಗೋಡೆ, ಒಂದು ಕುರ್ಚಿ, ಮೇಲೆ ದುಂಡಗಿನ ದೊಡ್ಡ ಜಾಲರಿ, ನೆಲದ ಮೇಲೆ ಅದರ ನೆರಳು. ಒಡೆಯ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಖಳನ ಊಟದ ಮನೆಯ ಮೀನುತೊಟ್ಟಿಯ ಕತೆ ಇನ್ನೂ ಮೋಜಿನದು. ಅದಕ್ಕೆಂದು ತರಿಸಿದ ಹಳೆಯ ಚಿತ್ರಣದಲ್ಲಿ ಪುಟ್ಟ ಮೀನುಗಳು ವಿಪರೀತ ದೊಡ್ಡದಾಗಿ ಕಂಡವು. ಮತ್ತೆ ಚಿತ್ರೀಕರಿಸಲು ಕಾಸಿರಲಿಲ್ಲ. ಗಾಜು ಭೂತಗನ್ನಡಿಯಂತೆ ಕೆಲಸ ಮಾಡುತ್ತದೆಂದು ಸಂಭಾಷಣೆಯಲ್ಲೇ ಸೇರಿಸಿಬಿಟ್ಟರು. ಕೊರತೆ ಖಳನ ಜಂಬವಾಯಿತು.

ಸಂಗೀತದ್ದೂ ಹೀಗೇ ಕೂಡಿಬಂದ ಕತೆ. ವಿ. ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಟ್ರಿನಿಡಾಡಿನ ಭಾರತೀಯರ ಕಾದಂಬರಿ. ಅದನ್ನು ಆಧರಿಸಿದ, ರಂಗಕ್ಕೆ ಬಾರದೆ ಹೋದ ಸಂಗೀತ ನಾಟಕಕ್ಕೆ ಮಾಂಟಿ ನಾರ್ಮನ್ ಹಾಡೊಂದನ್ನು ಮಾಡಿಟ್ಟಿದ್ದ. ಅದರ ಧಾಟಿಯನ್ನೇ ಇಲ್ಲಿಗೆ ತಂದ. ಜಾನ್ ಬ್ಯಾರಿ ಅದಕ್ಕೆ ವಾದ್ಯ ಹೊಂದಿಸಿದ, ವಿಕ್ ಫ್ಲಿಕ್ ಗಿಟಾರ್ ನುಡಿಸಿದ. ಬಾಂಡ್ ಎಂದೊಡನೆ ಜಗತ್ತು ಗುನುಗುವ ರಾಗದ ಬೇರಿನಲ್ಲಿ ಕೆರಿಬಿಯನ್ನಿಗೆ ಹೋದ ಭಾರತೀಯ ಕೂಲಿಗಳ ವಂಶದವನ ಬದುಕಿದೆ.

ಎಲ್ಲವೂ ಮೆಚ್ಚುವಂಥದಲ್ಲ. ಅರ್ಧ ಚೀನೀಯನೆಂಬ ಖಳನಾಗಿ ಬಿಳಿಯ ನಟ ಜೋಸೆಫ್ ವೈಸ್‌ಮನ್ ಬಣ್ಣ ಹಚ್ಚಿಕೊಂಡು ನಿಲ್ಲುತ್ತಾನೆ. ಜೀವದ ಹಂಗು ತೊರೆದು ದೋಣಿ ನಡೆಸುವ ಕಪ್ಪು ಗೆಳೆಯ ಕ್ವಾರೆಲ್‌ಗೆ ಬಾಂಡ್ ತನ್ನ ಬೂಟು ತರುವಂತೆ ಹೇಳುತ್ತಾನೆ. ಕಡಲಿನಿಂದ ಎದ್ದುಬರುವ ಉರ್ಸುಲಾ ಆಂಡ್ರೆಸ್ ನೆನಪಿನಲ್ಲಿ ಉಳಿಯುತ್ತಾಳೆ. ಆದರೆ ಮಾತು ಒಬ್ಬಳದು, ಹಾಡು ಇನ್ನೊಬ್ಬಳದು, ಮೈ ಮಾತ್ರ ಇವಳದು. 1962ರ ಆರಂಭದಲ್ಲಿ ಚಿತ್ರೀಕರಣ ನಡೆದಾಗ ಜಮೈಕಾ ಬ್ರಿಟನ್ನಿನ ವಸಾಹತು. ಚಿತ್ರ ತೆರೆಗೆ ಬರುವ ಹೊತ್ತಿಗೆ ಅದು ಸ್ವತಂತ್ರವಾಗಿ ಎರಡು ತಿಂಗಳಾಗಿತ್ತು. ಸಾಮ್ರಾಜ್ಯ ಕೈಜಾರುತ್ತಿದ್ದ ಬ್ರಿಟಿಷರಿಗೆ, ಒಬ್ಬನೇ ಹೋಗಿ ಲೋಕ ಉಳಿಸಿ ಬರುವ ತಮ್ಮವನು ಎಷ್ಟು ಹಿತವಾಗಿದ್ದಿರಬೇಕು!

ಅದೇ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳಿಂದಾಗಿ ಅಣುಯುದ್ಧದ ಭೀತಿ ಕವಿಯಿತು. ಕಾದಂಬರಿಯ ಡಾಕ್ಟರ್ ನೋ ರಷ್ಯನ್ನರಿಗಾಗಿ ದುಡಿದರೆ, ಚಿತ್ರದವನು ಅಮೆರಿಕ, ರಷ್ಯಾ ಎರಡೂ ಬಣಕ್ಕೆ ಸೇರದ ಸ್ಪೆಕ್ಟರ್ ಎಂಬ ಗುಪ್ತಕೂಟದವನು. ಜಾಣ ಬದಲಾವಣೆ. ಶತ್ರು ಯಾವ ದೇಶದವನೂ ಅಲ್ಲದ್ದರಿಂದ ಚಿತ್ರ ರಾಜಕೀಯದ ಜೊತೆಗೇ ಹಳತಾಗಲಿಲ್ಲ.

ಅಗ್ಗದಲ್ಲಿ ಕಟ್ಟಿದ್ದನ್ನು ಅನುಕರಿಸುವುದೂ ಸುಲಭ. ಒಂದು ಸಂಖ್ಯೆ, ಒಂದು ಸೂಟು, ಒಂದು ರಾಗ, ದ್ವೀಪದಲ್ಲೊಬ್ಬ ಖಳ: ಚಿಕ್ಕ ಬಂಡವಾಳದ ಚಿತ್ರೋದ್ಯಮಗಳಿಗೂ ಇದು ಕೈಗೆಟುಕಿತು. ತೆಲುಗಿನಲ್ಲಿ 1966ರಲ್ಲಿ 'ಗೂಢಚಾರಿ 116' ಬಂತು, ಮರುವರ್ಷ ಹಿಂದಿಯಲ್ಲಿ 'ಫರ್ಜ್'. ಕನ್ನಡದಲ್ಲಿ ದೊರೈ–ಭಗವಾನ್ 1968ರಲ್ಲಿ 'ಜೇಡರ ಬಲೆ' ತೆಗೆದು, ಅದುವರೆಗೆ ಪುರಾಣ, ಇತಿಹಾಸ, ಸಂಸಾರದ ಚಿತ್ರಗಳಲ್ಲಿ ಮೆರೆದಿದ್ದ ರಾಜಕುಮಾರ್ ಅವರಿಗೆ ಸಿ.ಐ.ಡಿ. 999 ಎಂಬ ಸಂಖ್ಯೆ ಕೊಟ್ಟರು. ಜನ ಒಪ್ಪಿದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂದವು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನೊಂದಿಗೆ ಕನ್ನಡದ ಈ ಸರಣಿ ನಾಲ್ಕಕ್ಕೆ ನಿಂತಿತು.