ಅಣ್ಣ ಗಿಟಾರು ಕೊಂಡದ್ದು

ಇತಿಹಾಸ ಓದುವವನಿಗೂ ಬೇಸ್ ಗಿಟಾರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ನನ್ನದಲ್ಲ, ನಮ್ಮಣ್ಣನದು. ಹತ್ತನೆಯ ತರಗತಿಗೇ ಓದಿಗೆ ಶರಣು ಹೊಡೆದು ಆರ್ಕೆಸ್ಟ್ರಾ ಸೇರಿದವನು. ಗಣೇಶೋತ್ಸವ, ಮದುವೆಗಳಲ್ಲಿ ನುಡಿಸಿ ನನ್ನ ಫೀಜು ಕಟ್ಟಿದವನು. ಕಳೆದ ಬೇಸಗೆಯಲ್ಲಿ ಒಂದು ಸ್ಟುಡಿಯೋದವರು ಅವನನ್ನು ಕರೆಸಿ ಕೇಳಿ, "ಕೈ ಚೆನ್ನಾಗಿದೆ, ವಾದ್ಯ ಬದಲಾಯಿಸಿಕೊಂಡು ಬಾ" ಎಂದು ಕಳುಹಿಸಿಬಿಟ್ಟರು. ಹಳೆಯ ಗಿಟಾರಿನ ಗುಂಯ್ ಎಂಬ ಸದ್ದು ಪೆಂಡಾಲಿನ ಗದ್ದಲದಲ್ಲಿ ಅಡಗುತ್ತಿತ್ತು, ಸ್ಟುಡಿಯೋದಲ್ಲಿ ಅಡಗಲಿಲ್ಲ.

ಕೂಡಿಟ್ಟ 30,000 ರೂಪಾಯಿ ಹಿಡಿದು ಬೆಂಗಳೂರಿಗೆ ಹೊರಟೆವು. "ನೀನು ಇಂಗ್ಲಿಷ್ ಬಲ್ಲವನು, ಜೊತೆಗೆ ಬಾ" ಎಂದ. ನಾನೂ ಬಿಡಲಿಲ್ಲ, ಒಂದು ವಾರ ಓದಿ ಪಂಡಿತನಾದೆ. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದದ್ದು, 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದರ ಗುಂಯ್‌ಕಾರವನ್ನು ಇನ್ನೊಂದು ಅಳಿಸುವಂತೆ ಮಾಡಿದ್ದು, ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಲ್ಲಿ ಅಂಥ ಗಿಟಾರು ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಹರಿಯುವವರೆಗೂ ಬದಲಿಸುತ್ತಿರಲಿಲ್ಲವೆಂಬುದು—ಬಸ್ಸಿನುದ್ದಕ್ಕೂ ಉಪನ್ಯಾಸ ಕೊಟ್ಟೆ. "ಅದೊಂದನ್ನು ನಾನೂ ಮಾಡಿದ್ದೇನೆ" ಎಂದು ಅಣ್ಣ ನಿದ್ದೆಹೋದ.

ಅಂಗಡಿಯಲ್ಲಿ ನನ್ನ ಓಟು ಒಂದು ಥಳಥಳಿಸುವ ಗಿಟಾರಿಗೆ ಬಿತ್ತು. ಐದು ತಿರುಗುಗುಂಡಿ, ಎರಡು ಪಿಕಪ್ಪು, ಒಳಗೆ 9 ವೋಲ್ಟಿನ ಬ್ಯಾಟರಿ, ಬೆಲೆ 29,500. ಅಣ್ಣ ಅದನ್ನು ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಗೊಡಲಿಲ್ಲ. "ಆ ಪೆಟ್ಟಿಗೆ ಎಂಥ ಬಡಪಾಯಿಯನ್ನೂ ಪೈಲ್ವಾನ ಮಾಡುತ್ತದೆ" ಎಂದು, ರೆಕಾರ್ಡಿಂಗಿನವರಂತೆ ನೇರವಾಗಿ ಯಂತ್ರಕ್ಕೆ ಜೋಡಿಸಿ, ಹೆಡ್‌ಫೋನು ಹಾಕಿಕೊಂಡು ಕುಳಿತ. ಹಾಡು ನುಡಿಸುವನೇನೋ ಎಂದು ಕಾದೆ. ಇಲ್ಲ! ಒಂದೊಂದು ತಂತಿಯ ಒಂದೊಂದು ಮನೆಯಲ್ಲೂ ಒಂದೇ ಸ್ವರ ಮೀಟಿ, ಅದು ಸಾಯುವವರೆಗೆ ಕಾಯುವುದು. ಅಂಗಡಿಯವನು ಎರಡು ಸಲ ಆಕಳಿಸಿದ. ಅತಿ ಸಣ್ಣ ತಂತಿಯ ಆರನೆಯ ಮನೆಗೆ ಬಂದಾಗ ಅಣ್ಣ ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಉಳಿದ ಸ್ವರಗಳು ಗಂಟೆಯಂತೆ ನಿಲ್ಲುತ್ತಿದ್ದರೆ ಇದೊಂದು ಮಾತ್ರ ಮಡಕೆ ತಟ್ಟಿದಂತೆ ಟಪ್ಪೆಂದು ಬಿದ್ದುಹೋಯಿತು. ಆ ಸ್ವರಕ್ಕೆ ಕುತ್ತಿಗೆಯ ಮರವೇ ಅದುರಿ ತಂತಿಯ ಬಲವನ್ನು ನುಂಗುತ್ತದೆಯಂತೆ. ಶ್ರುತಿ ಮೇಲಿನ ಮನೆಗಳಲ್ಲಿ ತುಸು ತಪ್ಪಿದರೆ ಬ್ರಿಜ್ಜಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ತಂತಿ ಲೋಹಕ್ಕೆ ತಾಗಿ ಗರಗರ ಎಂದರೆ ಎತ್ತರಿಸಬಹುದು. ಇದಕ್ಕೆ ಸುಲಭದ ಮದ್ದಿಲ್ಲ. ನಾನು ಓದಿದ ಹೊಗಳಿಕೆಗಳಲ್ಲಿ ಒಂದರಲ್ಲೂ ಈ ಮಾತು ಇರಲಿಲ್ಲ.

ಕೊನೆಗೆ ಕೊಂಡದ್ದು ಎರಡೇ ಗುಂಡಿಯ, ಒಡೆದ ಪಿಕಪ್ಪಿನ, ಬ್ಯಾಟರಿಯಿಲ್ಲದ ಕಪ್ಪು ಗಿಟಾರು. 22,000. ಮೂಲೆಯಲ್ಲಿ ಒಂದು ಗೀರು ಬೇರೆ. ಉಳಿದ ಹಣದಲ್ಲಿ ಹೊಸ ತಂತಿ, ಒಳ್ಳೆಯ ಕೇಬಲ್ಲು, ಮಿಕ್ಕದ್ದನ್ನು "ಎಂ.ಎ. ಅರ್ಜಿಗೆ ಇಟ್ಟುಕೋ" ಎಂದು ನನ್ನ ಜೇಬಿಗೆ ತುರುಕಿದ. ಬೇಡವೆನ್ನಬೇಕಿತ್ತು, ಎನ್ನಲಿಲ್ಲ.

ಆ ಸ್ಟುಡಿಯೋದವರು ಈ ಸಲ ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಹಾಡು ಹೊರಬಂದ ದಿನ ಅವ್ವನಿಗೆ ಮೊಬೈಲಿನಲ್ಲಿ ಕೇಳಿಸಿದೆವು. ಪೂರ್ತಿ ಕೇಳಿ, "ಚೆಂದಾಗೈತೆ, ನಿಂದು ಎಲ್ಲೈತೋ?" ಎಂದಳು. ದಪ್ಪ ತಂತಿಯ ತಳಸ್ವರ ಸೆಕೆಂಡಿಗೆ ಸುಮಾರು 41 ಕಂಪನದ್ದು. ಮೊಬೈಲಿನ ಪುಟ್ಟ ಬಾಯಿಂದ ಅದು ಹೊರಡದು. ಅಣ್ಣನ ಮುಖ ನೋಡಲಾರದೆ, ಹೆಡ್‌ಫೋನು ಕೇಳಿ ತರಲು ನಾನು ಪಕ್ಕದ ಮನೆಗೆ ಓಡಿದೆ.